ಮೆಟ್ಟೂರಿನ ಗೋಡೆಯೂ ಅಂಗಡಿಯ ತಕ್ಕಡಿಯೂ

ಬ್ಯಾರಿ ಎಂಬ ಹೆಸರು ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂತು ಎಂದು ನಮ್ಮ ಬಗ್ಗೆ ಬರೆದವರು ಹೆಚ್ಚಾಗಿ ಹೇಳುತ್ತಾರೆ. ಬೇರೆ ವಿವರಣೆಗಳೂ ಇವೆ, ಆ ಚರ್ಚೆ ಇಲ್ಲಿ ಬೇಡ. ವ್ಯಾಪಾರ ಎಂದ ಮೇಲೆ ತಕ್ಕಡಿ ಇದ್ದೇ ಇರುತ್ತದೆ. ಅಕ್ಕಿ, ಬೆಲ್ಲ, ಒಣಮೀನು, ಅಡಿಕೆ, ಕರಿಮೆಣಸು ಯಾವುದನ್ನೇ ಮಾರಿದರೂ ನಮ್ಮ ಅಜ್ಜಂದಿರು ದಿನವಿಡೀ ಮಾಡಿದ ಕೆಲಸ ಒಂದೇ, ತೂಗುವುದು. ಆದರೆ ಅದೇ ಮನೆಯ ಮಕ್ಕಳು ಇವತ್ತು ಡಿಪ್ಲೊಮಾಕ್ಕೋ ಬಿ.ಇ.ಗೋ ಸೇರಿದಾಗ ಮೊದಲ ವರ್ಷ ಎಡವುವುದು ಎಲ್ಲಿ ಗೊತ್ತೇ? ಅಪ್ಲೈಡ್ ಮೆಕ್ಯಾನಿಕ್ಸ್ ಎಂಬ ವಿಷಯದಲ್ಲಿ. ಕೆಲವು ಕಾಲೇಜುಗಳಲ್ಲಿ ಇದಕ್ಕೆ ಇಂಜಿನಿಯರಿಂಗ್ ಮೆಕ್ಯಾನಿಕ್ಸ್ ಎನ್ನುತ್ತಾರೆ. ಹೆಸರು ಯಾವುದಾದರೂ ಒಳಗಿರುವುದು ಒಂದೇ: ಬಲ, ಮೊಮೆಂಟ್, ಗುರುತ್ವ ಕೇಂದ್ರ, ಘರ್ಷಣೆ.

ಈ ವಿಷಯ ಬ್ಯಾಕ್ ಉಳಿದು, ಮರುಪರೀಕ್ಷೆ ಬರೆದು, ಅದೂ ಆಗದೆ ಓದು ಬಿಟ್ಟು ಗಲ್ಫಿನ ವೀಸಾ ಕಾದ ಹುಡುಗರು ನನ್ನ ಬ್ಯಾಚಿನಲ್ಲೇ ಇದ್ದರು. ಅವರಲ್ಲಿ ಹೆಚ್ಚಿನವರು ಬಾಯಿಲೆಕ್ಕದಲ್ಲಿ ನನಗಿಂತ ಚುರುಕು. ಮನೆಯಲ್ಲಿ ಮಾತ್ರ ಒಂದೇ ಮಾತು, ‘ನಮ್ಮದು ಬ್ಯಾರದ ತಲೆ, ಇಂಜಿನಿಯರಿಂಗಿನ ತಲೆ ಅಲ್ಲ’. ಈ ಮಾತು ಚರಿತ್ರೆಯ ದೃಷ್ಟಿಯಿಂದಲೇ ತಪ್ಪು ಎಂದು ನನ್ನ ಅಭಿಪ್ರಾಯ. ಅದಕ್ಕಾಗಿ ನಿಮ್ಮನ್ನು ಸ್ವಲ್ಪ ದೂರ, ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳವರೆಗೆ ಕರೆದುಕೊಂಡು ಹೋಗಬೇಕು. ಹೊರಡುವ ಮೊದಲು ತಕ್ಕಡಿಯ ಬಗ್ಗೆ ಎರಡು ಮಾತು.

ನನ್ನ ಉಪ್ಪನದು ಜಿನಸು ಅಂಗಡಿ. ಹೊಸ ತಕ್ಕಡಿ ತಂದರೆ ಅವರು ಮೊದಲು ಮಾಡುತ್ತಿದ್ದ ಪರೀಕ್ಷೆ ಹೀಗೆ: ಒಂದು ತಟ್ಟೆಯಲ್ಲಿ ಕಿಲೋ ಕಲ್ಲು, ಇನ್ನೊಂದರಲ್ಲಿ ಸಕ್ಕರೆ, ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಸುರಿಯುವುದು. ಆಮೇಲೆ ಕಲ್ಲನ್ನೂ ಸಕ್ಕರೆಯನ್ನೂ ತಟ್ಟೆ ಬದಲಿಸಿ ಇಡುವುದು. ಆಗಲೂ ಮುಳ್ಳು ನೆಟ್ಟಗೆ ನಿಂತರೆ ತಕ್ಕಡಿ ಸರಿ, ವಾಲಿದರೆ ಕಳ್ಳ ತಕ್ಕಡಿ. ಯಾಕೆ? ದಂಡದ ಎರಡು ತೋಳುಗಳ ಉದ್ದ ಸಮ ಇಲ್ಲದಿದ್ದರೆ ಖಾಲಿ ತಟ್ಟೆಗಳನ್ನು ಹೇಗೋ ಸರಿಹೊಂದಿಸಬಹುದು, ಆದರೆ ತೂಕ ಬಿದ್ದಾಗ ಮೋಸ ಆಗುತ್ತದೆ. ಒಂದು ತೋಳು 20 ಸೆಂಟಿಮೀಟರ್, ಇನ್ನೊಂದು 19 ಎಂದುಕೊಳ್ಳಿ. ಕಲ್ಲು ಗಿಡ್ಡ ತೋಳಿನಲ್ಲಿ, ಸಕ್ಕರೆ ಉದ್ದ ತೋಳಿನಲ್ಲಿ ಇದ್ದರೆ 1000 ಗ್ರಾಂ ಗುಣಿಸು 19 ಎಂಬುದು ಸಕ್ಕರೆ ಗುಣಿಸು 20ಕ್ಕೆ ಸಮ ಆಗಬೇಕು. ಲೆಕ್ಕ ಹಾಕಿದರೆ ಸಕ್ಕರೆ 950 ಗ್ರಾಂ. ಗಿರಾಕಿಗೆ 50 ಗ್ರಾಂ ಖೋತಾ. ತೂಕವನ್ನು ದೂರದಿಂದ ಗುಣಿಸಿದ ಈ ಸಂಖ್ಯೆಗೆ ಪುಸ್ತಕದಲ್ಲಿ ಮೊಮೆಂಟ್ ಎಂದು ಹೆಸರು. ಉಪ್ಪನಿಗೆ ಆ ಪದ ಗೊತ್ತಿರಲಿಲ್ಲ, ಆದರೆ ಪುಸ್ತಕದ ಮೂರನೇ ಅಧ್ಯಾಯ ಅವರ ಕೈಯಲ್ಲಿತ್ತು.

ಈ ವಿದ್ಯೆ ಯುರೋಪಿನಿಂದ ಹಡಗು ಹತ್ತಿ ಬಂದದ್ದು ಎಂದು ತಿಳಿದವರೂ ಇದ್ದಾರೆ. ಗ್ರೀಸಿನ ಆರ್ಕಿಮಿಡಿಸ್ ಸನ್ನೆಯ ನಿಯಮವನ್ನು ಹೇಳಿದ್ದು ನಿಜ. ಆದರೆ ಆ ಲೆಕ್ಕವನ್ನು ಮುಂದುವರಿಸಿದವರಲ್ಲಿ ಒಬ್ಬರು ಬಗ್ದಾದಿನಲ್ಲಿ ಕೆಲಸ ಮಾಡಿ 901ರಲ್ಲಿ ತೀರಿಕೊಂಡ ಸಾಬಿತ್ ಇಬ್ನ್ ಕುರ್ರಾ. ಅವರು ಅಸಮ ತೋಳುಗಳ ತಕ್ಕಡಿಯ ಬಗ್ಗೆಯೇ ‘ಕಿತಾಬುಲ್ ಕರಸ್ತೂನ್’ ಎಂಬ ಗ್ರಂಥ ಬರೆದರು. ಒಂದು ಕಡೆ ಗಿಡ್ಡ ತೋಳಿಗೆ ಸರಕು ತೂಗುಹಾಕಿ, ಉದ್ದ ತೋಳಿನ ಮೇಲೆ ಒಂದೇ ಗುಂಡನ್ನು ಆಚೀಚೆ ಜರುಗಿಸಿ ತೂಗುವ ಕೋಲನ್ನು ಹಿರಿಯರು ನೋಡಿರಬಹುದು, ಅದೇ ಜಾತಿಯದು. ಆಮೇಲೆ 1121ರ ಸುಮಾರಿಗೆ ಮರ್ವ್ ನಗರದಲ್ಲಿ ಅಲ್ ಖಾಝಿನಿ ‘ಕಿತಾಬ್ ಮೀಝಾನುಲ್ ಹಿಕ್ಮ’ ಬರೆದರು. ಮದ್ರಸದಲ್ಲಿ ಓದಿದ ಮಕ್ಕಳಿಗೆ ಮೀಝಾನ್ ಎಂದರೆ ತಕ್ಕಡಿ ಎಂದು ಹೇಳಿಕೊಡಬೇಕಾಗಿಲ್ಲ. ಅಲ್ ಖಾಝಿನಿ ಗುಲಾಮರಾಗಿದ್ದು ಬಿಡುಗಡೆ ಪಡೆದವರು. ಲೋಹವನ್ನು ಗಾಳಿಯಲ್ಲಿಯೂ ನೀರಿನಲ್ಲಿಯೂ ತೂಗಿ, ಚಿನ್ನದಲ್ಲಿ ಎಷ್ಟು ಬೆಳ್ಳಿ ಬೆರೆಸಿದ್ದಾರೆ ಎಂದು ಕಂಡುಹಿಡಿಯುವ ಐದು ತಟ್ಟೆಗಳ ತಕ್ಕಡಿಯನ್ನು ಅವರು ಆ ಪುಸ್ತಕದಲ್ಲಿ ವಿವರಿಸಿದ್ದಾರೆ. ವ್ಯಾಪಾರದ ಮೋಸ ಹಿಡಿಯಲು ಹುಟ್ಟಿದ ವಿಜ್ಞಾನ ಇದು.

ಇನ್ನು ಸೇಲಂ, ಧರ್ಮಪುರಿ. ಡಿಪ್ಲೊಮಾ ಮುಗಿದ ಮೇಲೆ ನಾನು ಹೊಸೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದೆ. ಹೊಸೂರು ಈಗ ಕೃಷ್ಣಗಿರಿ ಜಿಲ್ಲೆಯಲ್ಲಿದೆ, 2004ರವರೆಗೆ ಧರ್ಮಪುರಿ ಜಿಲ್ಲೆಯಲ್ಲಿತ್ತು. ಧರ್ಮಪುರಿಯೇ 1965ರ ಅಕ್ಟೋಬರ್ 2ರವರೆಗೆ ಸೇಲಂ ಜಿಲ್ಲೆಯ ಭಾಗ. ಅಲ್ಲಿ ಅಂಗಡಿಗೆ ಹೋದರೆ ಕನ್ನಡ, ತಮಿಳು, ತೆಲುಗು ಮೂರೂ ನಡೆಯುತ್ತವೆ. ಕಾವೇರಿಯ ಜಲಪಾತಕ್ಕೆ ಹೊಗೆನಕಲ್ ಎಂಬ ಹೆಸರೇ ಕನ್ನಡದ್ದು, ನೀರಿನ ಹನಿ ಹೊಗೆಯಂತೆ ಏಳುವ ಕಲ್ಲು.

ಹಿಂದೆ ಈ ಪ್ರದೇಶಕ್ಕೆ ಬಾರಾಮಹಲ್ ಎಂದು ಹೆಸರು. ಹೈದರಲಿ, ಟಿಪ್ಪು ಕಾಲದಲ್ಲಿ ಇದು ಮೈಸೂರಿನ ಕೈಯಲ್ಲಿತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಇದನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. ಅಲ್ಲಿ ಕಂದಾಯ ನಿಗದಿ ಮಾಡಲು ಬಂದ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಅವರ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೋ. ಏಳು ವರ್ಷ ಬಾರಾಮಹಲಿನ ಹೊಲಗದ್ದೆ ಅಳೆದು ಕಲಿತ ಪಾಠವನ್ನು ಹೊತ್ತುಕೊಂಡು ಆತ 1799ರಲ್ಲಿ ಕಲೆಕ್ಟರ್ ಆಗಿ ಬಂದದ್ದು ಎಲ್ಲಿಗೆ? ನಮ್ಮ ಕೆನರಾಕ್ಕೆ. ನಮ್ಮ ಊರುಗಳ ಮೊದಲ ಬ್ರಿಟಿಷ್ ಕಂದಾಯದ ಲೆಕ್ಕ ಬರೆದ ಕೈ ಧರ್ಮಪುರಿಯ ಕಡೆ ಪಳಗಿದ ಕೈ. ಹಾಗಾಗಿ ಆ ಜಿಲ್ಲೆಗಳು ನಮಗೆ ತೀರಾ ಹೊರಗಿನವು ಎಂದು ನನಗೆ ಅನಿಸಲಿಲ್ಲ.

ಹೊಗೆನಕಲ್‌ನಲ್ಲಿ ಹರಿಗೋಲು ಹತ್ತಿದವರು ಅದು ಸುತ್ತುವುದನ್ನು ನೋಡಿರುತ್ತೀರಿ. ತಮಿಳಿನಲ್ಲಿ ಪರಿಸಲ್ ಎನ್ನುತ್ತಾರೆ. ಬಿದಿರಿನ ಬುಟ್ಟಿ, ಹೊರಗೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಟಾರು. ನಮ್ಮ ದೋಣಿಗೆ ಮೂತಿ, ಬಾಲ ಇದೆ, ಅದು ತಿರುಗಲು ಒಪ್ಪುವುದಿಲ್ಲ. ಹರಿಗೋಲಿಗೆ ಮೂತಿಯೇ ಇಲ್ಲ, ಯಾವ ಕಡೆ ತಿರುಗಿದರೂ ನೀರಿನ ತಡೆ ಒಂದೇ. ಹುಟ್ಟನ್ನು ಒಂದು ಪಕ್ಕದಲ್ಲಿ ಹಾಕಿದರೆ ಆ ಬಲವೂ ಅದರ ದೂರವೂ ಸೇರಿ ಮೊಮೆಂಟ್ ಆಗಿ ಬುಟ್ಟಿ ಗಿರ್ರನೆ ತಿರುಗುತ್ತದೆ. ಅದಕ್ಕೇ ಅಂಬಿಗ ಹುಟ್ಟನ್ನು ಪಕ್ಕದಲ್ಲಿ ಹಾಕುವುದಿಲ್ಲ, ಮುಂದುಗಡೆ ಇಟ್ಟು ನೀರನ್ನು ತನ್ನ ಕಡೆಗೆ ಎಳೆಯುತ್ತಾನೆ. ಪ್ರವಾಸಿಗಳನ್ನು ಹೆದರಿಸಬೇಕೆಂದಾಗ ಮಾತ್ರ ಪಕ್ಕಕ್ಕೆ ಹಾಕುತ್ತಾನೆ.

ಸೇಲಂ ಎಂದ ಕೂಡಲೇ ಉಕ್ಕಿನ ಬಗ್ಗೆ ಬರೆಯಬೇಕು ಎನ್ನುವವರಿದ್ದಾರೆ. ಕಂಜಮಲೆಯ ಕಬ್ಬಿಣದ ಅದಿರಿನದು ಬೇರೆಯೇ ದೊಡ್ಡ ಕತೆ, ಇನ್ನೊಮ್ಮೆ ನೋಡೋಣ. ನನಗೆ ಬೇಕಾದದ್ದು ಹೊಗೆನಕಲ್‌ನಿಂದ ಕೆಳಗೆ ಅದೇ ಕಾವೇರಿಗೆ ಅಡ್ಡವಾಗಿ ಸೇಲಂ ಜಿಲ್ಲೆಯಲ್ಲಿ ನಿಂತಿರುವ ಮೆಟ್ಟೂರು ಅಣೆಕಟ್ಟು.

ಕಾವೇರಿಗೆ ದೊಡ್ಡ ಕಟ್ಟೆ ಕಟ್ಟುವ ಯೋಚನೆ ಹಳೆಯದು. ಕನ್ನಂಬಾಡಿ ಕಟ್ಟೆಯ ಬಾಗಿಲಲ್ಲಿ ಟಿಪ್ಪುವಿನ ಕಾಲದ ಪಾರ್ಸಿ ಶಾಸನದ ಕಲ್ಲನ್ನು ಇಟ್ಟಿದ್ದಾರೆ, ಮೈಸೂರಿಗೆ ಹೋದವರು ನೋಡಿರಬಹುದು. 1790ರ ದಶಕದ ಆ ಶಾಸನ ಅಲ್ಲಿ ನದಿಗೆ ಕಟ್ಟೆ ಕಟ್ಟುವ ಅಪ್ಪಣೆಯ ಬಗ್ಗೆ ಹೇಳುತ್ತದೆ. ಕೆಲಸ ಆಗಲಿಲ್ಲ. 1911ರಲ್ಲಿ ಮೈಸೂರು ಸರಕಾರ ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೃಷ್ಣರಾಜಸಾಗರ ಶುರು ಮಾಡಿದಾಗ ಕೆಳಗಿನ ಮದ್ರಾಸ್ ಸರಕಾರಕ್ಕೆ ಭಯ ಹತ್ತಿತು. ಅವರ ಕೈಯಲ್ಲಿ ಕರ್ನಲ್ ಡಬ್ಲ್ಯು. ಎಂ. ಎಲ್ಲಿಸ್ 1910ರಲ್ಲಿ ಸಿದ್ಧಪಡಿಸಿದ ಮೆಟ್ಟೂರಿನ ಯೋಜನೆ ಇತ್ತು. 1892ರ ಹಳೆ ಒಪ್ಪಂದ, 1914ರ ಗ್ರಿಫಿನ್ ತೀರ್ಪು, ಅದರ ಮೇಲೆ ಮೇಲ್ಮನವಿ ಹೀಗೆ ಎಳೆದಾಡಿ ಕೊನೆಗೆ 1924ರ ಫೆಬ್ರವರಿಯಲ್ಲಿ ಎರಡೂ ಕಡೆಯವರು ಸಹಿ ಹಾಕಿದರು. ಅದೇ ವರ್ಷ ಜುಲೈಯಲ್ಲಿ ಕಾವೇರಿಗೆ ಹಿಂದೆಂದೂ ಕಾಣದ ನೆರೆ ಬಂತು. ಕೇರಳದವರು ಇವತ್ತಿಗೂ ‘ತೊಂಬತ್ತೊಂಬತ್ತರ ನೆರೆ’ ಎಂದು ನೆನೆಯುವುದು ಅದೇ ಮಳೆಯನ್ನು, ಮಲಯಾಳಂ ವರ್ಷ 1099.

1925ರಲ್ಲಿ ಕೆಲಸ ಶುರುವಾಗಿ 1934ರ ಆಗಸ್ಟ್ 21ರಂದು ಮದ್ರಾಸ್ ಗವರ್ನರ್ ಸರ್ ಜಾರ್ಜ್ ಸ್ಟ್ಯಾನ್ಲಿ ಉದ್ಘಾಟಿಸಿದರು. ಜಲಾಶಯಕ್ಕೆ ಸ್ಟ್ಯಾನ್ಲಿಯ ಹೆಸರೇ ಇದೆ. ಉದ್ದ 5300 ಅಡಿ, ಅಂದರೆ ಒಂದು ಮೈಲಿ. ಅಡಿಪಾಯದಿಂದ ಅತಿ ಹೆಚ್ಚಿನ ಎತ್ತರ 214 ಅಡಿ, ತಳದ ಅತಿ ಹೆಚ್ಚಿನ ಅಗಲ 171 ಅಡಿ. ಹಿಡಿಯುವ ನೀರು 93.47 ಟಿಎಂಸಿ. ಆ ಕಾಲಕ್ಕೆ ಜಗತ್ತಿನ ದೊಡ್ಡ ಅಣೆಕಟ್ಟುಗಳಲ್ಲಿ ಇದೂ ಒಂದು. ಕೆಳಗೆ ತಂಜಾವೂರಿನ ಗದ್ದೆಗಳಿಗೆ ನೀರು ಬಂತು, ಮೇಲೆ ಹಳ್ಳಿಗಳು ಮುಳುಗಿದವು. ಬರಗಾಲದಲ್ಲಿ ನೀರು ತಗ್ಗಿದಾಗ ಪಣ್ಣವಾಡಿಯ ಹತ್ತಿರ ಹಳೆಯ ಜಲಕಂಠೇಶ್ವರ ಗುಡಿಯ ನಂದಿ, ಒಂದು ಇಗರ್ಜಿಯ ಗೋಪುರ ನೀರಿನಿಂದ ಮೇಲೆ ಕಾಣುತ್ತವೆ. ಅವುಗಳನ್ನು ನೋಡಲು ಜನ ಹೋಗುತ್ತಾರೆ, ಫೋಟೊ ಹಿಡಿಯುತ್ತಾರೆ.

ನನ್ನ ಕುತೂಹಲ ಮಾತ್ರ 214 ಮತ್ತು 171 ಎಂಬ ಎರಡು ಸಂಖ್ಯೆಗಳ ಮೇಲೆ. 214 ಅಡಿ ಎತ್ತರದ ಗೋಡೆಗೆ 171 ಅಡಿ ದಪ್ಪ ಯಾಕೆ ಬೇಕು? ನಮ್ಮ ತೋಟದ ತೋಡಿಗೆ ಹಲಗೆ, ಮಣ್ಣು ಹಾಕಿ ಕಟ್ಟುವ ಕಟ್ಟ ಇಷ್ಟು ದಪ್ಪ ಇರುವುದಿಲ್ಲ. ಜನ ಹೇಳುವ ಉತ್ತರ, ‘ಹಿಂದೆ ಅಷ್ಟು ನೀರಿದೆಯಲ್ಲ’. ಇದು ಸರಿಯಲ್ಲ. ಗೋಡೆಯನ್ನು ನೀರು ಎಷ್ಟು ತಳ್ಳುತ್ತದೆ ಎನ್ನುವುದು ನೀರು ಹಿಂದಕ್ಕೆ ಎಷ್ಟು ದೂರ ಹರಡಿದೆ ಎಂಬುದರ ಮೇಲೆ ನಿಂತಿಲ್ಲ. ಹಾಲೆಂಡಿನ ಸೈಮನ್ ಸ್ಟೆವಿನ್ 1586ರಲ್ಲಿಯೇ ಇದನ್ನು ತೋರಿಸಿದ್ದರು. ಮೆಟ್ಟೂರಿನ ನೀರು ಹೊಗೆನಕಲ್ ಕಡೆಗೆ ಹತ್ತಾರು ಕಿಲೋಮೀಟರ್ ಚಾಚಿದ್ದರೂ, ಗೋಡೆಗೆ ತಾಗಿ ಒಂದೇ ಅಡಿ ಅಗಲದ ನೀರಿನ ಪಟ್ಟಿ ಇದ್ದರೂ, ಆಳ ಒಂದೇ ಆಗಿದ್ದರೆ ನಿಂತ ನೀರಿನ ತಳ್ಳು ಒಂದೇ. ಮೊದಲ ಸಲ ಕೇಳಿದವರು ಇದನ್ನು ನಂಬುವುದಿಲ್ಲ. ಆಳ ಮಾತ್ರ ಮುಖ್ಯ: ಮೇಲ್ಮೈಯಲ್ಲಿ ಒತ್ತಡ ಸೊನ್ನೆ, ಕೆಳಗೆ ಹೋದಂತೆ ಹೆಚ್ಚುತ್ತಾ ತಳದಲ್ಲಿ ಅತಿ ಹೆಚ್ಚು. ಆದ್ದರಿಂದ ಒತ್ತಡದ ಚಿತ್ರ ತ್ರಿಕೋನ. ಗೋಡೆಯನ್ನೂ ತ್ರಿಕೋನವಾಗಿ, ಕೆಳಗೆ ಅಗಲವಾಗಿ ಕಟ್ಟುವುದು ಇದಕ್ಕೇ.

ಈಗ ಲೆಕ್ಕಕ್ಕೆ ಬರೋಣ. ಇದು ಎಲ್ಲಿಸ್ ಅವರ ಲೆಕ್ಕವಲ್ಲ, ಮೊದಲ ವರ್ಷದ ಹುಡುಗ ಹಾಳೆಯ ಮೇಲೆ ಹಾಕಬಹುದಾದ ಲೆಕ್ಕ. ಅಣೆಕಟ್ಟನ್ನು ಸಾದಾ ಲಂಬ ತ್ರಿಕೋನ ಎಂದು ಹಿಡಿಯೋಣ, ನೀರಿನ ಕಡೆ ನೆಟ್ಟಗೆ, ಆಚೆ ಇಳಿಜಾರು. ಎತ್ತರ 65 ಮೀಟರ್, ತಳ 52 ಮೀಟರ್. ನೀರು ತಳದಿಂದ ತಲೆಯವರೆಗೂ ನಿಂತಿದೆ ಎಂದುಕೊಳ್ಳೋಣ. ನಿಜವಾಗಿ ಅಷ್ಟು ನಿಲ್ಲುವುದಿಲ್ಲ, ಅತಿ ಕೆಟ್ಟ ಸ್ಥಿತಿಯನ್ನೇ ನೋಡೋಣ. ಒಂದು ಮೀಟರ್ ಉದ್ದದ ತುಂಡನ್ನು ಮಾತ್ರ, ಹಲ್ವದಿಂದ ಒಂದು ಹೋಳು ಕತ್ತರಿಸಿದ ಹಾಗೆ, ತೆಗೆದುಕೊಂಡರೆ ಸಾಕು.

ನೀರಿನ ತಳ್ಳು: 65 ಗುಣಿಸು 65, ಅದರ ಅರ್ಧ, ಸುಮಾರು 2112 ಟನ್. ಇದು ತಳದಿಂದ ಎತ್ತರದ ಮೂರನೇ ಒಂದು ಭಾಗದಲ್ಲಿ, ಅಂದರೆ 21.7 ಮೀಟರ್ ಮೇಲೆ ಕೆಲಸ ಮಾಡುತ್ತದೆ. ಗೋಡೆಯ ತೂಕ: ತ್ರಿಕೋನದ ವಿಸ್ತೀರ್ಣ 1690 ಚದರ ಮೀಟರ್, ಒಂದು ಘನ ಮೀಟರ್ ಕಟ್ಟೋಣಕ್ಕೆ 2.4 ಟನ್ ಹಿಡಿದರೆ 4056 ಟನ್. ಇಂಜಿನಿಯರುಗಳು ಅಣೆಕಟ್ಟಿನ ತಳಕ್ಕೆ ಕಾಲಿನ ಹೆಸರನ್ನೇ ಇಟ್ಟಿದ್ದಾರೆ: ನೀರಿನ ಕಡೆಯ ತುದಿ ಹಿಮ್ಮಡಿ, ಆಚೆಯ ತುದಿ ಕಾಲ್ಬೆರಳು. ಗೋಡೆ ಬೀಳುವುದಾದರೆ ಕಾಲ್ಬೆರಳಿನ ಮೇಲೆ ಮುಂದಕ್ಕೆ ಮಗುಚಬೇಕು. ಅಲ್ಲಿಗೆ ತಕ್ಕಡಿಯ ದಂಡ ಎಲ್ಲಿ ಆನಿಕೊಂಡಿದೆ ಎಂದು ಗೊತ್ತಾಯಿತು, ಕಾಲ್ಬೆರಳಿನಲ್ಲಿ. ಒಂದು ತಟ್ಟೆಯಲ್ಲಿ ನೀರು: 2112 ಟನ್ ಗುಣಿಸು 21.7 ಮೀಟರ್, ಸುಮಾರು 45,800. ಇನ್ನೊಂದು ತಟ್ಟೆಯಲ್ಲಿ ಗೋಡೆಯ ತೂಕ. ಅದರ ಗುರುತ್ವ ಕೇಂದ್ರ ಕಾಲ್ಬೆರಳಿನಿಂದ 34.7 ಮೀಟರ್ ದೂರ, ಆದ್ದರಿಂದ 4056 ಗುಣಿಸು 34.7, ಸುಮಾರು 1,40,600. ಗೋಡೆಯ ತಟ್ಟೆ ಮೂರು ಪಟ್ಟು ಭಾರ. ಗೋಡೆ ನಿಲ್ಲುತ್ತದೆ. ಗ್ರಾವಿಟಿ ಡ್ಯಾಮ್ ಎಂದು ಹೆಸರು ಬಂದದ್ದೂ ಹೀಗೆಯೇ, ಬರೀ ತನ್ನ ತೂಕದಿಂದ ನಿಲ್ಲುವ ಕಟ್ಟೆ.

ಇಷ್ಟೇ ಆಗಿದ್ದರೆ ಇನ್ನೂ ತೆಳ್ಳಗೆ ಕಟ್ಟಿ ಹಣ ಉಳಿಸಬಹುದಿತ್ತಲ್ಲ ಎಂದು ವ್ಯಾಪಾರದ ತಲೆ ಕೇಳುತ್ತದೆ, ಕೇಳಲೇಬೇಕು. ಹತ್ತೊಂಬತ್ತನೇ ಶತಮಾನದ ಇಂಜಿನಿಯರುಗಳೂ ಕೇಳಿದ್ದರು. ಗ್ಲಾಸ್ಗೊ ವಿಶ್ವವಿದ್ಯಾಲಯದ ಪ್ರೊಫೆಸರ್ ವಿಲಿಯಂ ರಾಂಕಿನ್ 1858ರಲ್ಲಿ ‘ಎ ಮ್ಯಾನ್ಯುವಲ್ ಆಫ್ ಅಪ್ಲೈಡ್ ಮೆಕ್ಯಾನಿಕ್ಸ್’ ಎಂಬ ಪುಸ್ತಕ ಬರೆದರು. ನಮ್ಮ ಮಕ್ಕಳ ಅಂಕಪಟ್ಟಿಯಲ್ಲಿರುವ ವಿಷಯದ ಹೆಸರು ಅಂಥ ಪುಸ್ತಕಗಳಿಂದ ನೆಲೆಯೂರಿದ್ದು. ಅದೇ ರಾಂಕಿನ್ 1872ರಲ್ಲಿ, ಮುಂಬೈ ಮುನಿಸಿಪಾಲಿಟಿಯ ಇಂಜಿನಿಯರೊಬ್ಬರು ಕೇಳಿದ್ದಕ್ಕೆ, ಕಲ್ಲಿನ ಅಣೆಕಟ್ಟುಗಳನ್ನು ಹೇಗೆ ಕಟ್ಟಬೇಕೆಂದು ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಒತ್ತಿ ಹೇಳಿದ ಮಾತು: ಬರೀ ಮಗುಚದಿದ್ದರೆ ಸಾಲದು, ನೀರಿನ ತಳ್ಳೂ ಗೋಡೆಯ ತೂಕವೂ ಸೇರಿದ ಒಟ್ಟು ಬಲ ತಳದ ನಡುವಣ ಮೂರನೇ ಒಂದು ಭಾಗದೊಳಗೇ ಬೀಳಬೇಕು.

ಯಾಕೆ ನಡುಭಾಗ? ಅಂಗಡಿಯ ಹಿಂದೆ ಅಕ್ಕಿ ಚೀಲದ ಅಟ್ಟಿಯನ್ನು ಒಂದು ಕಡೆಯಿಂದ ಬಲವಾಗಿ ತಳ್ಳಿ ನೋಡಿ. ಅಟ್ಟಿ ಉರುಳುವ ಎಷ್ಟೋ ಮೊದಲೇ, ನೀವು ತಳ್ಳುವ ಬದಿಯ ಕೆಳಗಿನ ಚೀಲ ಸಡಿಲವಾಗುತ್ತದೆ, ನೆಲಕ್ಕೂ ಅದಕ್ಕೂ ನಡುವೆ ಕೈ ತೂರಿಸಬಹುದು. ಒಟ್ಟು ಬಲ ನಡುಭಾಗ ಬಿಟ್ಟು ಮುಂದೆ ಸರಿದರೆ ಅಣೆಕಟ್ಟಿನ ಹಿಮ್ಮಡಿಯೂ ಹಾಗೆಯೇ ಮೇಲೇಳಲು ನೋಡುತ್ತದೆ. ಕಲ್ಲಿನ ಕಟ್ಟೋಣಕ್ಕೆ ಅದುಮಿದರೆ ತಡೆಯುವ ಶಕ್ತಿ ಇದೆ, ಎಳೆದರೆ ಇಲ್ಲ. ಬಿರುಕು ಬಿಡುತ್ತದೆ. ಮೆಟ್ಟೂರಿನ ನಮ್ಮ ಲೆಕ್ಕದಲ್ಲಿ 1,40,600ರಿಂದ 45,800 ಕಳೆದು 4056ರಿಂದ ಭಾಗಿಸಿದರೆ 23.4. ಅಂದರೆ ಒಟ್ಟು ಬಲ ಕಾಲ್ಬೆರಳಿನಿಂದ 23.4 ಮೀಟರಿನಲ್ಲಿ ಬೀಳುತ್ತದೆ. ನಡುಭಾಗ 17.3ರಿಂದ 34.7ರವರೆಗೆ. ಸರಿಯಾಗಿ ಒಳಗಿದೆ.

ರಾಂಕಿನ್ ಕಾಲದವರ ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಗಿತ್ತು. ಅದು ಗೊತ್ತಾದದ್ದು ಹೆಣಗಳು ಬಿದ್ದ ಮೇಲೆ. ಫ್ರಾನ್ಸಿನ ಎಪಿನಾಲ್ ಹತ್ತಿರದ ಬೂಜೆ ಅಣೆಕಟ್ಟು ಮೆಟ್ಟೂರಿಗಿಂತ ಎಷ್ಟೋ ಗಿಡ್ಡ. 1884ರಲ್ಲಿ ಅದರ ಒಂದು ಉದ್ದನೆಯ ಭಾಗ ಸುಮಾರು ಒಂದು ಅಡಿ ಮುಂದಕ್ಕೆ ಜಾರಿತು. ರಿಪೇರಿ ಮಾಡಿ, ಬುಡಕ್ಕೆ ಬಲ ಕೊಟ್ಟು ಮತ್ತೆ ನೀರು ತುಂಬಿಸಿದರು. 1895ರ ಏಪ್ರಿಲ್ 27ರ ಬೆಳಿಗ್ಗೆ ಮೇಲಿನ ಭಾಗ ಒಡೆದು ಹೋಯಿತು. 80ಕ್ಕೂ ಹೆಚ್ಚು ಜನ ಸತ್ತರು. ಕಾರಣ ಹುಡುಕಿದಾಗ ಕಂಡದ್ದು, ಬಿರುಕುಗಳೊಳಗೂ ಗೋಡೆಯ ಕೆಳಗೂ ನುಗ್ಗಿದ ನೀರು ಗೋಡೆಯನ್ನು ಮೇಲಕ್ಕೆ ಎತ್ತುತ್ತದೆ. ಫ್ರಾನ್ಸಿನ ಮಾರಿಸ್ ಲೆವಿ ಇದನ್ನು ವಿನ್ಯಾಸದ ಲೆಕ್ಕಕ್ಕೆ ತಂದರು. ಅಪ್‌ಲಿಫ್ಟ್ ಎಂದು ಇದಕ್ಕೆ ಹೆಸರು. ದೋಣಿ ತೇಲಿಸುವ ನೀರೇ ಇದು, ಗೋಡೆಯ ಕೆಳಗೆ ಸೇರಿದರೆ ಗೋಡೆಯನ್ನೂ ಹಗುರ ಮಾಡುತ್ತದೆ. ಕಡಲ ಬದಿಯವರಿಗೆ ಇದು ಬೇಗ ಅರ್ಥವಾಗಬೇಕು.

ನಮ್ಮ ಹಾಳೆಯ ಮೆಟ್ಟೂರಿಗೆ ಇದನ್ನು ಸೇರಿಸಿ ನೋಡೋಣ. ತಳದ ಕೆಳಗೆ ಹಿಮ್ಮಡಿಯಲ್ಲಿ ಪೂರ್ತಿ 65 ಮೀಟರಿನ ಒತ್ತಡ, ಕಾಲ್ಬೆರಳಿನಲ್ಲಿ ಸೊನ್ನೆ ಎಂದು ಹಿಡಿದರೆ ಎತ್ತುವ ಬಲ 65 ಗುಣಿಸು 52ರ ಅರ್ಧ, 1690 ಟನ್. 4056 ಟನ್ನಿನ ಗೋಡೆ ಒಮ್ಮೆಲೇ 2366 ಟನ್ನಿನ ಗೋಡೆಯಾಯಿತು! ಕಾಲ್ಬೆರಳಿನಿಂದ 34.7 ಮೀಟರಿನಲ್ಲಿ ಅದು ಕೆಲಸ ಮಾಡುವುದರಿಂದ ಮೊಮೆಂಟ್ 58,600. ನೀರಿನ ತಟ್ಟೆಗೆ ಇದನ್ನೂ ಹಾಕಿದರೆ ಮೂರು ಪಟ್ಟಿದ್ದ ಅಂತರ 1.35 ಪಟ್ಟಿಗೆ ಇಳಿಯುತ್ತದೆ. ಒಟ್ಟು ಬಲ ಬೀಳುವ ಜಾಗ 15.3 ಮೀಟರಿಗೆ ಬರುತ್ತದೆ, ನಡುಭಾಗದಿಂದ ಎರಡು ಮೀಟರ್ ಹೊರಗೆ. ಜಾರುವ ಲೆಕ್ಕವೂ ಕೆಡುತ್ತದೆ. ಮೊದಲು 2112ನ್ನು 4056ರಿಂದ ಭಾಗಿಸಿದರೆ 0.52, ಕಲ್ಲಿಗೂ ಬಂಡೆಗೂ ನಡುವಿನ ಘರ್ಷಣೆ ಸಾಮಾನ್ಯವಾಗಿ ಹಿಡಿಯುವಂತೆ 0.65ರಿಂದ 0.75 ಇದ್ದರೆ ಸಾಕಾಗುತ್ತಿತ್ತು. ಈಗ 2112ನ್ನು 2366ರಿಂದ ಭಾಗಿಸಬೇಕು, 0.89. ಬರೀ ಘರ್ಷಣೆ ಸಾಲದು, ಗೋಡೆ ಬಂಡೆಗೆ ಬೇರು ಬಿಟ್ಟ ಹಾಗೆ ಅಂಟಿಕೊಂಡಿರಬೇಕು.

ಇದರ ಅರ್ಥ ಮೆಟ್ಟೂರು ಅಪಾಯದಲ್ಲಿದೆ ಎಂದಲ್ಲ, ದಯವಿಟ್ಟು ಯಾರೂ ಹಾಗೆ ವಾಟ್ಸಾಪಿನಲ್ಲಿ ಹಾಕಬೇಡಿ. ನಾನು ಹಿಡಿದದ್ದು ಸಾದಾ ತ್ರಿಕೋನ, ಪೂರ್ತಿ ತಲೆಯವರೆಗೆ ನೀರು, ಒಂದೂ ಬಸಿಗಾಲುವೆ ಇಲ್ಲದ ಬುಡ. ನಿಜವಾದ ಅಣೆಕಟ್ಟು 90 ವರ್ಷಗಳಿಂದ ನಿಂತಿದೆ. ಈಗಿನ ಅಣೆಕಟ್ಟುಗಳ ಬುಡದಲ್ಲಿ ತೂತು ಕೊರೆದು ಒಳಗೆ ಸೇರಿದ ನೀರನ್ನು ಹೊರಗೆ ಬಿಡುವುದು, ಬಂಡೆಯ ಬಿರುಕಿಗೆ ಸಿಮೆಂಟ್ ತುಂಬುವುದು ಈ ಲೆಕ್ಕದಿಂದಲೇ ಹುಟ್ಟಿದ ಪದ್ಧತಿ.

ಬೂಜೆ ಒಡೆದ ಅದೇ 1895ರಲ್ಲಿ ನಮಗೆ ಹತ್ತಿರದ ಇನ್ನೊಂದು ಕಟ್ಟೆ ಮುಗಿಯಿತು, ಪೆನ್ನಿಕ್ವಿಕ್ ಕಟ್ಟಿಸಿದ ಮುಲ್ಲಪೆರಿಯಾರ್. ಕಾಸರಗೋಡಿನಲ್ಲಿ ನೆಂಟರಿರುವ ಎಲ್ಲರಿಗೂ ಆ ಜಗಳ ಗೊತ್ತು. ಅಪ್‌ಲಿಫ್ಟ್ ಲೆಕ್ಕ ಜಾರಿಗೆ ಬರುವ ಮೊದಲೇ ವಿನ್ಯಾಸವಾದ ಕಟ್ಟೆ ಅದು. ಆಮೇಲೆ ಅದಕ್ಕೆ ಮಾಡಿದ ಬಲವರ್ಧನೆ ನೋಡಿ: ತಲೆಯ ಮೇಲೆ ಕಾಂಕ್ರೀಟಿನ ಹೊರೆ, ಬಂಡೆಯವರೆಗೆ ಕೇಬಲ್ ಇಳಿಸಿ ಬಿಗಿದದ್ದು, ಹಿಂಬದಿಗೆ ಕಾಂಕ್ರೀಟಿನ ಆಸರೆ. ಮೂರೂ ಗೋಡೆಯ ತಟ್ಟೆಗೆ ಹಾಕಿದ ತೂಕವೇ. ನೀರಿನ ಮಟ್ಟ 136 ಅಡಿಯೋ 142 ಅಡಿಯೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 2014ರಲ್ಲಿ 142 ಎಂದು ತೀರ್ಮಾನವಾಯಿತು. ಆರು ಅಡಿಗೆ ಇಷ್ಟು ಗಲಾಟೆ ಯಾಕೆ ಎಂದು ಟಿವಿ ನೋಡುತ್ತಾ ಕೇಳಿದವರಿದ್ದಾರೆ. ಆಳ ದುಪ್ಪಟ್ಟಾದರೆ ನೀರಿನ ತಳ್ಳು ನಾಲ್ಕು ಪಟ್ಟು, ಮಗುಚುವ ಮೊಮೆಂಟ್ ಎಂಟು ಪಟ್ಟು. ಆ ಮಟ್ಟವನ್ನೇ ಆಳ ಎಂದು ಹಿಡಿದರೆ 136ರಿಂದ 142 ಎಂದರೆ ಎತ್ತರದಲ್ಲಿ ನೂರಕ್ಕೆ ನಾಲ್ಕೂವರೆ ಹೆಚ್ಚು, ಮೊಮೆಂಟಿನಲ್ಲಿ ನೂರಕ್ಕೆ ಸುಮಾರು ಹದಿನಾಲ್ಕು. ಕಟ್ಟೆಯ ಕೆಳಗೆ ಮನೆ ಇರುವವರಿಗೆ ಆ ವ್ಯತ್ಯಾಸ ಸಣ್ಣದಲ್ಲ. ಈ ಲೆಕ್ಕ ಬರುವವನು ಎರಡೂ ರಾಜ್ಯಗಳ ರಾಜಕಾರಣಿಗಳ ಮಾತನ್ನು ಬೇರೆ ಕಿವಿಯಿಂದ ಕೇಳುತ್ತಾನೆ.

ಕಾಲೇಜಿನಲ್ಲಿ ಇದನ್ನು ಹೀಗೆ ಹೇಳಿಕೊಡುವುದು ಕಡಿಮೆ. ಹಲಗೆಯ ಮೇಲೆ ಒಂದು ಆಯತ, ನಾಲ್ಕು ಬಾಣ, ಪಿ, ಕ್ಯು, ಥೀಟಾ. ಬಾಣ ಯಾವುದರದು, ಆಯತ ಯಾವ ಊರಿನದು ಎಂದು ಯಾರೂ ಹೇಳುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಹುಡುಗ ಇಂಗ್ಲಿಷ್ ಪ್ರಶ್ನೆಯನ್ನು ಓದಿ ಮುಗಿಸುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ಅವನಿಗೆ ಬರದಿರುವುದು ಲೆಕ್ಕವಲ್ಲ, ಬಾಣ. ಯಾವ ವಸ್ತುವನ್ನು ಬೇರೆ ಮಾಡಿ ನೋಡಬೇಕು, ಅದರ ಮೇಲೆ ಯಾರು ಯಾರು ತಳ್ಳುತ್ತಿದ್ದಾರೆ, ಎಲ್ಲಿ ತಳ್ಳುತ್ತಿದ್ದಾರೆ, ದಂಡ ಎಲ್ಲಿ ಆನಿದೆ ಎಂಬ ನಾಲ್ಕು ಪ್ರಶ್ನೆಗಳನ್ನು ಮನೆ ಭಾಷೆಯಲ್ಲಿ ಕೇಳಿದರೆ ಅವನು ಬಾಣ ಹಾಕುತ್ತಾನೆ. ನನ್ನ ಪಕ್ಕದ ಮನೆಯ ಇಬ್ಬರು ಹುಡುಗರಿಗೆ ಬ್ಯಾರಿಯಲ್ಲೇ ಹೇಳಿಕೊಟ್ಟು ನೋಡಿದ್ದೇನೆ, ಇಬ್ಬರೂ ಆ ಪೇಪರ್ ಪಾಸಾದರು. ಎರಡೇ ಜನರ ಲೆಕ್ಕವನ್ನು ಪುರಾವೆ ಎಂದು ನಾನು ಹೇಳುತ್ತಿಲ್ಲ.

ತುಂಬೆಯ ಕಿಂಡಿ ಅಣೆಕಟ್ಟನ್ನು ದಾಟಿ ಹೋಗುವ ಮಕ್ಕಳು ಒಂದು ದಿನ ಬಸ್ಸಿನಿಂದ ಇಳಿದು ನೋಡಲಿ. ಮಂಗಳೂರಿನ ನಲ್ಲಿಗೆ ಬರುವ ನೇತ್ರಾವತಿಯ ನೀರು ಅಲ್ಲಿ ನಿಂತಿರುತ್ತದೆ. ಗೇಟಿನ ಹಿಂದೆ ಎಷ್ಟು ಆಳ ಇದೆಯೋ ಅದನ್ನು ಅದರಿಂದಲೇ ಗುಣಿಸಿ ಅರ್ಧ ಮಾಡಿದರೆ ಒಂದು ಮೀಟರ್ ಅಗಲಕ್ಕೆ ಎಷ್ಟು ಟನ್ ಎಂದು ಸಿಗುತ್ತದೆ. ಇನ್ನೂ ಅಭ್ಯಾಸ ಬೇಕೆಂದರೆ ಮೆಟ್ಟೂರು ಇದೆ. ಅಲ್ಲಿ ಪ್ರತಿ ವರ್ಷ ಜೂನ್ 12ರಂದು ತಂಜಾವೂರಿನ ಬೆಳೆಗೆ ನೀರು ಬಿಡುವ ಪದ್ಧತಿ, ಮಟ್ಟ ಚೆನ್ನಾಗಿದ್ದರೆ. ಪೂರ್ಣ ಮಟ್ಟ 120 ಅಡಿ, ಇವತ್ತು ಎಷ್ಟಿದೆ ಎಂದು ತಮಿಳು ಪತ್ರಿಕೆಗಳು ದಿನವೂ ಹಾಕುತ್ತವೆ. ಮಟ್ಟ 100ಕ್ಕೆ ಇಳಿದ ದಿನ, ಆ ಅಳತೆಯ ಸೊನ್ನೆಯಿಂದ ಮೇಲಿನ ನೀರನ್ನಷ್ಟೇ ಹಿಡಿದರೆ, ತಳ್ಳು ನೂರಕ್ಕೆ ಮೂವತ್ತರಷ್ಟು ಕಡಿಮೆಯಾಗಿರುತ್ತದೆ, ಮೊಮೆಂಟ್ ನೂರಕ್ಕೆ ನಲವತ್ತೆರಡರಷ್ಟು. 80ಕ್ಕೆ ಇಳಿದ ದಿನ ಎಷ್ಟು ಎಂಬುದನ್ನು ಮನೆಯಲ್ಲಿರುವ ಮೊದಲ ವರ್ಷದವರು ಹೇಳಲಿ.